ವರದಿಗಾರರ ಫೋನಿಗೂ ಒಂದು ಡೆಸ್ಕ್ ಬೇಕು

ಮಾನ್ಯ ಸಂಪಾದಕರೆ,

ಮಳೆಗಾಲ ಬಂತೆಂದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಒಂದು ಕಾಗದ ತಪ್ಪದೆ ಓಡಾಡುತ್ತದೆ: ‘ನಾಳೆ ಶಾಲೆ, ಅಂಗನವಾಡಿಗಳಿಗೆ ರಜೆ’ ಎಂಬ ಜಿಲ್ಲಾಧಿಕಾರಿಗಳ ಆದೇಶ. ಲಾಂಛನ, ಸಹಿ, ಮೊಹರು ಎಲ್ಲವೂ ಸರಿಯಾಗಿಯೇ ಇರುತ್ತವೆ. ಏಕೆಂದರೆ ಅದು ನಿಜವಾದ ಆದೇಶವೇ, ಆದರೆ ಹೋದ ವರ್ಷದ್ದು. ಯಾರೋ ಇಸವಿಯ ಕೊನೆಯ ಅಂಕಿ ಅಳಿಸಿ ಹೊಸದನ್ನು ಕೂರಿಸಿರುತ್ತಾರೆ. ಹಿಗ್ಗಿಸಿ ನೋಡಿದರೆ ಆ ಅಂಕಿಯ ಸುತ್ತಲಿನ ಕಾಗದ ಉಳಿದ ಕಡೆಗಿಂತ ಬೆಳ್ಳಗೆ, ಅಕ್ಷರದ ಅಂಚು ಬೇರೆ ಥರ. ಅದಕ್ಕಿಂತ ಸುಲಭದ ಗುರುತು ವಾರ. 2024ರ ಜುಲೈ 16 ಮಂಗಳವಾರ, 2025ರ ಜುಲೈ 16 ಬುಧವಾರ. ಇಸವಿ ತಿದ್ದುವವರು ವಾರ ತಿದ್ದಲು ಮರೆಯುತ್ತಾರೆ. ಸಹಿ ಹಾಕಿದ ಅಧಿಕಾರಿ ವರ್ಗವಾಗಿ ತಿಂಗಳುಗಳಾಗಿರುವುದೂ ಉಂಟು. ಇನ್ನೊಂದು ಬಗೆಯ ಎಡವಟ್ಟಿನಲ್ಲಿ ಕಾಗದ ಅಸಲಿಯೇ, ಮೇಲಿನ ಒಕ್ಕಣೆ ಸುಳ್ಳು: ಕರಾವಳಿಯ 5 ತಾಲ್ಲೂಕಿಗೆ ಮಾತ್ರ ಕೊಟ್ಟ ರಜೆ ‘ಜಿಲ್ಲೆಯಾದ್ಯಂತ’ ಎಂಬ ಒಂದು ಪದದಿಂದ ಘಟ್ಟದ ಮೇಲಿನ ತಾಲ್ಲೂಕುಗಳಿಗೂ ಹಬ್ಬಿಬಿಡುತ್ತದೆ.

ಈ ಕಾಗದ ಪತ್ರಕರ್ತರ ಸ್ಟೇಟಸ್‌ಗಳಲ್ಲೂ ಕಾಣುತ್ತದೆ ಎಂಬುದು ನಮ್ಮ ತಕರಾರು. ಅದೇ ವರದಿಗಾರ ಅದೇ ಆದೇಶವನ್ನು ಪತ್ರಿಕೆಗೆ ಕಳಿಸಿದ್ದರೆ ಸುದ್ದಿ ನೋಡಿ ತಿದ್ದುವ ಡೆಸ್ಕ್‌ನಲ್ಲಿ ಕೂತ ಉಪಸಂಪಾದಕರು ‘ಆದೇಶ ಸಂಖ್ಯೆ ಓದಿ ಹೇಳಿ, ಶಿಕ್ಷಣ ಇಲಾಖೆಯ ಡಿಡಿಪಿಐ ಕಚೇರಿಗೆ ಕೇಳಿದಿರಾ, ಕಾರವಾರದ್ದೋ ಶಿರಸಿಯದೋ’ ಎಂದು ಮೂರು ಪ್ರಶ್ನೆ ಹಾಕುತ್ತಿದ್ದರು. ಫೋನಿನಲ್ಲಿ ಹಾಗೆ ಕೇಳುವವರಿಲ್ಲ. ಓದುಗನಿಗೆ ಮಾತ್ರ ಎರಡೂ ಒಂದೇ. ‘ಪೇಪರಿನವರು ಹಾಕಿದ್ದಾರೆ’ ಎಂದೇ ಆತ ನಂಬುತ್ತಾನೆ. ಕಾನೂನೂ ಹೆಚ್ಚುಕಡಿಮೆ ಆ ಓದುಗನಂತೆಯೇ ನೋಡುತ್ತದೆ.

ರಜೆಯ ಆದೇಶದಿಂದ ಹೆಚ್ಚೆಂದರೆ ಮಕ್ಕಳು ಒಂದು ದಿನ ಮನೆಯಲ್ಲಿ ಉಳಿದಾರು. ‘ಕದ್ರಾ ಅಣೆಕಟ್ಟಿನ ಗೇಟು ತೆಗೆದರು’ ಎಂಬ ಹಳೆಯ ವಿಡಿಯೊ ಹಾಗಲ್ಲ. ಅದರ ಕೆಳಗಿನ ಕಾಳಿ ನದಿ ದಂಡೆಯವರು 2019ರ ನೆರೆ ಕಂಡವರು, ನಡುರಾತ್ರಿ ಕೂಸು ಕಂಕುಳಲ್ಲಿ ಎತ್ತಿಕೊಂಡು ಹೊರಟುಬಿಡುತ್ತಾರೆ. ವಿಪತ್ತಿನ ಸುಳ್ಳು ಎಚ್ಚರಿಕೆ ಹಬ್ಬಿಸಿ ಜನ ಗಾಬರಿಗೆ ಬಿದ್ದರೆ ವಿಪತ್ತು ನಿರ್ವಹಣಾ ಕಾಯ್ದೆ, 2005ರ 54ನೇ ಕಲಂ ಪ್ರಕಾರ 1 ವರ್ಷದವರೆಗೆ ಸಜೆ ಅಥವಾ ದಂಡ. ವಿಡಿಯೊ ಬಂದಾಗ ಮೊದಲು ಅದರೊಳಗೆ ಏನಿದೆ ನೋಡಬೇಕು. ದಾರಿಯಲ್ಲಿ ನಿಂತ ಗಾಡಿಗಳ ನಂಬರು ಕೆಎ-30 ಇದ್ದರೆ ಕಾರವಾರ, 31 ಶಿರಸಿ, 47 ಹೊನ್ನಾವರ, 65 ದಾಂಡೇಲಿ. ಎಲ್ಲ ಗಾಡಿಗಳೂ ಕೆಎಲ್ (ಕೇರಳ) ಅಥವಾ ಎಂಎಚ್ (ಮಹಾರಾಷ್ಟ್ರ) ಆಗಿದ್ದರೆ ಅನುಮಾನಿಸಿ. ಅಂಗಡಿ ಬೋರ್ಡಿನ ಲಿಪಿ ಯಾವುದು, ಮೈಲುಗಲ್ಲಿನಲ್ಲಿ ಯಾವ ಊರು, ಮಳೆ ಬೀಳುತ್ತಿದೆ ಎನ್ನುವ ದೃಶ್ಯದಲ್ಲಿ ನೆರಳು ಹೇಗೆ ಬಿತ್ತು? ಆಮೇಲೆ ವಿಡಿಯೊದ ಒಂದೆರಡು ಚೌಕಟ್ಟನ್ನು ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಹಾಕಿ. ಹಳೆಯದಾಗಿದ್ದರೆ ಮೂಲ ಸಿಗುವ ಸಂಭವ ಹೆಚ್ಚು. ಸಿಗದಿದ್ದರೆ ಹೊಸದು ಎಂದು ಅರ್ಥವಲ್ಲ, ಇಲ್ಲೇ ಬಹಳ ಮಂದಿ ಎಡವುವುದು. ಕೊನೆಗೆ ಅಣೆಕಟ್ಟು ನೋಡಿಕೊಳ್ಳುವ ಕೆಪಿಸಿಗೋ (ಕರ್ನಾಟಕ ವಿದ್ಯುತ್ ನಿಗಮ) ಜಿಲ್ಲಾ ನಿಯಂತ್ರಣ ಕೊಠಡಿಯ 1077ಕ್ಕೋ ಒಂದು ಕರೆ. ಮಾಡಿದ ಹೊತ್ತು, ಮಾತಾಡಿದವರ ಹುದ್ದೆ ಬರೆದಿಟ್ಟುಕೊಳ್ಳಿ. ಏಕೆಂಬುದನ್ನು ಮುಂದೆ ಹೇಳುತ್ತೇವೆ.

ಪರಿಶೀಲನೆಯಿಲ್ಲದ ಒಂದು ಸಂದೇಶ ಎಲ್ಲಿಯವರೆಗೆ ಹೋಗುತ್ತದೆ ಎಂಬುದಕ್ಕೆ ಈ ಜಿಲ್ಲೆಯವರು ಬೇರೆಡೆ ಉದಾಹರಣೆ ಹುಡುಕಬೇಕಾಗಿಲ್ಲ. 2017ರ ಡಿಸೆಂಬರ್‌ನಲ್ಲಿ ಹೊನ್ನಾವರದ ಕೆರೆಯಲ್ಲಿ ಯುವಕನೊಬ್ಬನ ಶವ ಸಿಕ್ಕಿತು. ಹೇಗೆ ಸತ್ತ ಎಂಬುದು ತಿಳಿಯುವ ಮೊದಲೇ ಚಿತ್ರಹಿಂಸೆಯ ವಿವರಗಳು ಫೋನಿಂದ ಫೋನಿಗೆ ಹೋದವು. ವಿಧಿವಿಜ್ಞಾನ ವೈದ್ಯರು ಒಂದೊಂದನ್ನೇ ಅಲ್ಲಗಳೆದು ಕೊಟ್ಟ ಉತ್ತರಗಳನ್ನು ಪೊಲೀಸರು ಬಿಡುಗಡೆ ಮಾಡಿದರೂ ಕುಮಟಾ, ಶಿರಸಿಗಳಲ್ಲಿ ಕಲ್ಲು ಬಿತ್ತು, ಐಜಿಪಿಯವರ ವಾಹನ ಸುಟ್ಟುಹೋಯಿತು. ಸಿಬಿಐ 2022ರ ಅಕ್ಟೋಬರ್‌ನಲ್ಲಿ ಸಲ್ಲಿಸಿದ ವರದಿಯಲ್ಲಿ ಅದು ಆಕಸ್ಮಿಕವಾಗಿ ನೀರಿಗೆ ಬಿದ್ದ ಸಾವು ಎಂದಿತು. ನಡುವೆ ಹೋದದ್ದು ಹತ್ತಿರಹತ್ತಿರ 5 ವರ್ಷ.

‘ಬಂದದ್ದನ್ನು ಹಾಗೇ ಕಳಿಸಿದೆ’ ಎಂಬ ಸಮಜಾಯಿಷಿ ಇನ್ನು ನಡೆಯುವುದಿಲ್ಲ. ಮಹಿಳಾ ಪತ್ರಕರ್ತರನ್ನು ಹೀಯಾಳಿಸಿದ ಪೋಸ್ಟನ್ನು ಓದದೆ ಹಂಚಿದೆ ಎಂದ ತಮಿಳುನಾಡಿನ ನಟ, ಮಾಜಿ ಶಾಸಕರೊಬ್ಬರಿಗೆ ಮದ್ರಾಸ್ ಹೈಕೋರ್ಟ್ 2023ರಲ್ಲಿ ಹೇಳಿದ್ದು, ಫಾರ್ವರ್ಡ್ ಮಾಡಿದ ಸಂದೇಶ ಬಿಲ್ಲಿನಿಂದ ಹೊರಟ ಬಾಣ, ಬಿಟ್ಟವರೇ ಹೊಣೆ ಎಂದು. ಸುಪ್ರೀಂ ಕೋರ್ಟೂ ಅದೇ ವರ್ಷ ಆಗಸ್ಟ್‌ನಲ್ಲಿ ಮಧ್ಯಪ್ರವೇಶಿಸಲು ಒಪ್ಪಲಿಲ್ಲ. ಮಾನಹಾನಿಕರ ಪೋಸ್ಟನ್ನು ರೀಟ್ವೀಟ್ ಮಾಡಿದರೂ ಅದು ಪ್ರಕಟಣೆಯೇ ಎಂದು ದೆಹಲಿ ಹೈಕೋರ್ಟ್ 2024ರ ಫೆಬ್ರುವರಿಯಲ್ಲಿ ಹೇಳಿದೆ. ಪ್ರೊಫೈಲ್‌ನಲ್ಲಿ ‘ಅಭಿಪ್ರಾಯ ವೈಯಕ್ತಿಕ’ ಎಂದು ಬರೆದುಕೊಂಡರೆ ಸಂಸ್ಥೆಗೆ ಕೊಂಚ ನೆಮ್ಮದಿ ಇದ್ದೀತು, ಬರೆದವರಿಗೆ ರಕ್ಷಣೆಯೇನೂ ಇಲ್ಲ.

2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಆಕ್ಷೇಪಾರ್ಹ ಆನ್‌ಲೈನ್ ಸಂದೇಶಕ್ಕೆ ಶಿಕ್ಷೆ ಹೇಳಿದ್ದ ಐಟಿ ಕಾಯ್ದೆಯ 66ಎ ಕಲಂ ರದ್ದಾದ ಮೇಲೆ ‘ಫೇಸ್‌ಬುಕ್‌ನಲ್ಲಿ ಬರೆದದ್ದಕ್ಕೆ ಕೇಸಿಲ್ಲ’ ಎಂಬ ತಪ್ಪು ತಿಳಿವಳಿಕೆ ಉಳಿದುಬಿಟ್ಟಿದೆ. ಹೋದದ್ದು ಆ ಒಂದು ಕಲಂ ಮಾತ್ರ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಮಾನಹಾನಿಗೆ 356, ವೈಮನಸ್ಯ ಹುಟ್ಟಿಸುವುದಕ್ಕೆ 196, ಸಾರ್ವಜನಿಕ ನೆಮ್ಮದಿ ಕೆಡಿಸುವ ಸುಳ್ಳು ಸುದ್ದಿಗೆ 353 ಹಾಗೇ ಇವೆ. 356ರಲ್ಲಿ ಒಂದು ಸೂಕ್ಷ್ಮವಿದೆ: ಬರೆದದ್ದು ನಿಜ ಎಂದಷ್ಟೇ ಸಾಧಿಸಿದರೆ ಸಾಲದು, ಅದು ಸಾರ್ವಜನಿಕ ಹಿತಕ್ಕಾಗಿ ಎಂದೂ ತೋರಿಸಬೇಕು. 353ರಲ್ಲಿ ನಿಜವೆಂದು ನಂಬಲು ಆಧಾರವಿದ್ದು ಸದ್ಭಾವನೆಯಿಂದ ಪ್ರಕಟಿಸಿದವರಿಗೆ ವಿನಾಯಿತಿ ಉಂಟು. ಆದರೆ ‘ಸದ್ಭಾವನೆ’ ಎಂದರೆ ಒಳ್ಳೆಯ ಮನಸ್ಸು ಎಂದಷ್ಟೇ ಅಲ್ಲ. ತಕ್ಕ ಎಚ್ಚರಿಕೆ, ಗಮನವಿಲ್ಲದೆ ಮಾಡಿದ್ದು ಸದ್ಭಾವನೆಯಲ್ಲ ಎಂದು ಸಂಹಿತೆಯೇ ಹೇಳುತ್ತದೆ. ಮೇಲೆ ಹೇಳಿದ ಕರೆಯ ಟಿಪ್ಪಣಿ ಉಪಯೋಗಕ್ಕೆ ಬರುವುದು ಇಲ್ಲಿ. ರಾತ್ರಿ 9.40ಕ್ಕೆ ಯಾರನ್ನು ಕೇಳಿದಿರಿ, ಏನು ಹೇಳಿದರು ಎಂಬ ಎರಡು ಸಾಲು, ಮೂರು ವರ್ಷದ ಮೇಲೆ ಕಟಕಟೆಯಲ್ಲಿ ನಿಂತಾಗ ನೆನಪಿಗಿಂತ ಗಟ್ಟಿ.

ನಮ್ಮಲ್ಲಿ ಅತಿ ಹೆಚ್ಚು ತಪ್ಪಾಗುವುದು ಮಾನಹಾನಿಯಲ್ಲಲ್ಲ, ಮಕ್ಕಳ ಮತ್ತು ಲೈಂಗಿಕ ದೌರ್ಜನ್ಯದ ಸಂತ್ರಸ್ತರ ಗುರುತಿನ ವಿಷಯದಲ್ಲಿ. ಹೆಸರು ಬರೆಯಬಾರದು ಎಂಬುದು ಈಗ ಎಲ್ಲರಿಗೂ ಗೊತ್ತು. ಆದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 23ನೇ ಕಲಂ ಹೆಸರಿನಲ್ಲಿ ನಿಲ್ಲುವುದಿಲ್ಲ. ವಿಳಾಸ, ಫೋಟೊ, ಕುಟುಂಬದ ವಿವರ, ಶಾಲೆ, ನೆರೆಹೊರೆ, ಗುರುತು ಬಿಟ್ಟುಕೊಡುವ ಇನ್ನಾವುದೇ ಸಂಗತಿ ಎಂದು ಬಿಡಿಸಿ ಹೇಳಿದೆ. ಬೆಂಗಳೂರಿನಲ್ಲಿ ‘ವಿಜಯನಗರದ ಬಾಲಕಿ’ ಎಂದರೆ ಯಾರೂ ತಿಳಿಯರು. ಶಿರಸಿ, ಸಿದ್ದಾಪುರದ ಕಡೆ ಮಜರೆಯೊಂದರಲ್ಲಿ ಇರುವುದೇ ಏಳೆಂಟು ಮನೆ, ಅದೂ ಒಂದೊಂದು ತೋಟದ ಆಚೆ ಒಂದೊಂದು. ಮಜರೆಯ ಹೆಸರು, 9ನೇ ತರಗತಿ ಎಂಬ ಎರಡೇ ಮಾಹಿತಿ ಸಾಕು, ಸಂಜೆಯ ಸೊಸೈಟಿ ಕಟ್ಟೆಯಲ್ಲಿ ಮನೆ ಯಾವುದೆಂದು ಇತ್ಯರ್ಥವಾಗುತ್ತದೆ. ಕರಾವಳಿಯ ಕೇರಿಗಳಲ್ಲೂ ಅಷ್ಟೇ.

ಇನ್ನೊಂದು ರೀತಿಯದು ತುಣುಕು ಜೋಡಣೆ. ಪತ್ರಿಕೆ ಊರು ಬಿಟ್ಟು ಆರೋಪಿಯ ಹೆಸರು ಕೊಟ್ಟಿತು. ಫೇಸ್‌ಬುಕ್ ಪೇಜ್ ಆರೋಪಿಯ ಹೆಸರು ಬಿಟ್ಟು ‘ಮಲತಂದೆ’ ಎಂದು ಬರೆಯಿತು. ಯೂಟ್ಯೂಬ್ ಚಾನೆಲ್ ಬಾಲಕಿಯ ಮುಖ ಮಸುಕು ಮಾಡಿ, ಮನೆಯ ಅಂಗಳ, ತುಳಸಿಕಟ್ಟೆ, ಬಾಗಿಲಲ್ಲಿ ನಿಂತ ಅಜ್ಜಿಯನ್ನು ತೋರಿಸಿತು. ಒಂದೊಂದೂ ತಾನು ನಿಯಮ ಪಾಲಿಸಿದೆ ಅಂದುಕೊಂಡಿದೆ, ಮೂರನ್ನೂ ನೋಡಿದವರಿಗೆ ಮಗು ಸಿಕ್ಕಿತು. ಮೂರಕ್ಕೂ ಸುದ್ದಿ ಕೊಟ್ಟವರು ಒಬ್ಬರೇ ಅರೆಕಾಲಿಕ ವರದಿಗಾರರಾಗಿರುವುದೂ ಇದೆ! ಆದ್ದರಿಂದ ಆರೋಪಿ ಮನೆಯವನೇ ಆಗಿದ್ದರೆ ಒಂದನ್ನು ಆರಿಸಿಕೊಳ್ಳಬೇಕು: ಸಂಬಂಧ ಹೇಳುವುದಾದರೆ ಹೆಸರು ಬೇಡ, ಹೆಸರು ಹೇಳುವುದಾದರೆ ಸಂಬಂಧ ಬೇಡ. ಬೇರೆಯವರು ಮೊದಲೇ ಏನು ಹಾಕಿದ್ದಾರೆ ಎಂದು ನೋಡಿಯೇ ಆರಿಸಬೇಕು. ಮನೆಯ ಸಂಬಂಧ ಈಗಾಗಲೇ ಹೊರಬಿದ್ದಿದ್ದರೆ ಹೆಸರು ಕೈಬಿಡುವುದೇ ಸರಿ. ಊರಿನ ಬದಲು ತಾಲ್ಲೂಕು, ಸಣ್ಣ ತಾಲ್ಲೂಕಾದರೆ ‘ಘಟ್ಟದ ಮೇಲಿನ ತಾಲ್ಲೂಕೊಂದರ’ ಎನ್ನಿ. ಸುದ್ದಿಗೆ ಏನೂ ಕಡಿಮೆಯಾಗದು. ಸಂತ್ರಸ್ತೆ ತೀರಿಕೊಂಡಿದ್ದರೂ ನಿರ್ಬಂಧ ಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಡಿಸೆಂಬರ್ 11ರ ನಿಪುಣ್ ಸಕ್ಸೇನಾ ತೀರ್ಪಿನಲ್ಲಿ ಹೇಳಿದೆ; ‘ನ್ಯಾಯ ಸಿಗಲಿ’ ಎಂಬ ಹ್ಯಾಶ್‌ಟ್ಯಾಗಿಗೆ ಹೆಸರು, ಫೋಟೊ ಸೇರಿಸುವವರು ಇದನ್ನು ತಿಳಿದಿರಬೇಕು. ಪೋಕ್ಸೊ 23ರ ಉಲ್ಲಂಘನೆಗೆ 6 ತಿಂಗಳಿಂದ 1 ವರ್ಷ ಸಜೆ ಅಥವಾ ದಂಡ ಅಥವಾ ಎರಡೂ. ಅದರ 3ನೇ ಉಪಕಲಂ ಸಂಪಾದಕರ ಮೇಜಿನ ಗಾಜಿನಡಿ ಇಡುವಂಥದ್ದು: ನೌಕರ ಮಾಡಿದ್ದಕ್ಕೆ ಮಾಧ್ಯಮದ ಪ್ರಕಾಶಕ ಅಥವಾ ಮಾಲೀಕರೂ ಜಂಟಿಯಾಗಿ, ಪ್ರತ್ಯೇಕವಾಗಿ ಹೊಣೆ.

ಈ ಗುರುತುಗಳು ಹೊರಬರುವ ಮುಖ್ಯ ಬಾಗಿಲು ಎಫ್‌ಐಆರ್ ಪಿಡಿಎಫ್. 24 ಗಂಟೆಯಲ್ಲಿ ಎಫ್‌ಐಆರ್ ಅನ್ನು ಜಾಲತಾಣದಲ್ಲಿ ಹಾಕಬೇಕು ಎಂದ 2016ರ ಸುಪ್ರೀಂ ಕೋರ್ಟ್ ಆದೇಶವೇ ಲೈಂಗಿಕ ಅಪರಾಧ, ಪೋಕ್ಸೊದಂಥ ಸೂಕ್ಷ್ಮ ಪ್ರಕರಣಗಳನ್ನು ಹೊರಗಿಟ್ಟಿದೆ. ಆದರೂ ಪ್ರತಿ ಯಾರಿಂದಲೋ ಬರುತ್ತದೆ, ಬಂದದ್ದು ಗ್ರೂಪಿಗೆ ಹೋಗುತ್ತದೆ. ಮುಚ್ಚಿ ಕಳಿಸಿದೆವು ಎನ್ನುವವರೂ ಎರಡು ಕಡೆ ಎಡವುತ್ತಾರೆ. ಫೋನಿನ ಹೈಲೈಟರ್ ಪೆನ್ನಿನಿಂದ ಕಪ್ಪು ಬಳಿದರೆ ಅದು ಅರೆಪಾರದರ್ಶಕ. ಬೆಳಕು, ಕಾಂಟ್ರಾಸ್ಟ್ ಏರಿಸಿದರೆ ಕೆಳಗಿನ ಅಕ್ಷರ ಮೇಲೆದ್ದು ಬರುತ್ತದೆ. ಪಿಡಿಎಫ್ ಮೇಲೆ ಕರಿ ಚೌಕ ಇಟ್ಟರೆ ಅಡಿಯ ಪಠ್ಯ ಹಾಗೇ ಇರುತ್ತದೆ, ಕಾಪಿ ಮಾಡಿ ಬೇರೆಡೆ ಅಂಟಿಸಿದರೆ ಓದಬಹುದು. ಭಾಗವನ್ನೇ ಕತ್ತರಿಸಿ ತೆಗೆಯಿರಿ; ಇಲ್ಲವೇ ಗಟ್ಟಿ ಬಣ್ಣದ ಚೌಕ ಇಟ್ಟು ಅದರ ಸ್ಕ್ರೀನ್‌ಶಾಟ್ ಮಾತ್ರ ಬಳಸಿ. ಬಂಧಿತರ ಮುಖ ಹಾಕುವ ಆತುರಕ್ಕೂ ಇಲ್ಲೇ ಒಂದು ಮಾತು: ಗುರುತು ಪತ್ತೆ ಪರೇಡ್ ಆಗುವ ಮೊದಲೇ ಫೋಟೊ ಊರೆಲ್ಲ ಸುತ್ತಿದ್ದರೆ, ಸಾಕ್ಷಿ ಆರೋಪಿಯನ್ನು ಗುರುತಿಸಿದ್ದು ಫೋಟೊ ನೋಡಿಯೇ ಎಂದು ಎದುರು ವಕೀಲರು ವಾದಿಸುತ್ತಾರೆ. ಲೈಕು ನಿಮಗೆ, ಕೇಸು ಬಿದ್ದುಹೋಗುವುದು ನೊಂದವರದ್ದು.

ಪೋಸ್ಟ್ ಶುದ್ಧವಾಗಿದ್ದರೂ ಕಮೆಂಟು ಕೆಡಿಸುತ್ತದೆ. ‘ಇದು ನಮ್ಮೂರ ಇಂಥವರ ಮಗಳಲ್ಲವೆ?’ ಎಂದು ಮೂರನೇ ಕಮೆಂಟಿನಲ್ಲೇ ಬಂದಿರುತ್ತದೆ. ಓದುಗರ ಕಮೆಂಟಿಗೆ ಪೇಜ್ ನಡೆಸುವ ಮಾಧ್ಯಮ ಸಂಸ್ಥೆಯೂ ಪ್ರಕಾಶಕನೇ ಎಂದು ಆಸ್ಟ್ರೇಲಿಯಾದ ಹೈಕೋರ್ಟ್ (ಅಲ್ಲಿ ಅದೇ ಅತ್ಯುನ್ನತ ಕೋರ್ಟು) 2021ರಲ್ಲಿ ಹೇಳಿತು. ಅದು ನಮ್ಮ ಕೋರ್ಟುಗಳನ್ನು ಕಟ್ಟಿಹಾಕದು, ಆದರೆ ಫೇಸ್‌ಬುಕ್‌ಗಿರುವ ಮಧ್ಯವರ್ತಿಯ ರಕ್ಷಣೆ (ಬೇರೆಯವರು ಹಾಕಿದ್ದಕ್ಕೆ ತಾನು ಹೊಣೆಯಲ್ಲ ಎನ್ನುವುದು) ಪೇಜಿಗೂ ಸಿಗುತ್ತದೆಂದು ನೆಚ್ಚಿ ಕೂರುವುದು ಬೇಡ. ಇಂಥ ಸುದ್ದಿಗೆ ಯೂಟ್ಯೂಬ್‌ನಲ್ಲಿ ಕಮೆಂಟು ಬಂದ್ ಮಾಡಬಹುದು. ಫೇಸ್‌ಬುಕ್‌ನಲ್ಲಿ ಕಮೆಂಟು ಹಾಕುವ ಅವಕಾಶವನ್ನು ‘ನೀವು ಉಲ್ಲೇಖಿಸಿದವರಿಗೆ ಮಾತ್ರ’ ಎಂದು ಇಟ್ಟು ಯಾರನ್ನೂ ಉಲ್ಲೇಖಿಸದಿದ್ದರೆ ಅದೇ ಫಲ. ಹಾಕುವ ಮೊದಲೇ ಮಾಡಬೇಕು, ಹಾಕಿ ಊಟಕ್ಕೆ ಹೋದಮೇಲಲ್ಲ.

ಸಾವಿನ ಸುದ್ದಿಯಲ್ಲಿ ಕಾನೂನಿಗಿಂತ ಮರ್ಯಾದೆಯ ಪ್ರಶ್ನೆ ದೊಡ್ಡದು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಕುಸಿದು, ಗಂಗಾವಳಿ ನದಿಯಲ್ಲಿ ಹುದುಗಿದ್ದ ಕೇರಳದ ಲಾರಿ ಸಿಕ್ಕಿದ್ದು 72ನೇ ದಿನ, ಸೆಪ್ಟೆಂಬರ್ 25ರಂದು. ಅಷ್ಟೂ ದಿನ ‘ಲಾರಿ ಸಿಕ್ಕಿತು’ ಎಂದು ಎಷ್ಟು ಸಲ ಲೈವ್ ಬಂತೋ! ಚಾಲಕನ ಪುಟ್ಟ ಮಗುವನ್ನೇ ಮಾತಾಡಿಸಿ ತೋರಿಸಿದ ಯೂಟ್ಯೂಬ್ ಚಾನೆಲ್ ಮೇಲೆ ಕೇರಳದ ಮಕ್ಕಳ ಹಕ್ಕುಗಳ ಆಯೋಗ ಪ್ರಕರಣ ದಾಖಲಿಸಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಮುರ್ಡೇಶ್ವರದ ಕಡಲಲ್ಲಿ ಪ್ರವಾಸಕ್ಕೆ ಬಂದ ಕೋಲಾರ ಜಿಲ್ಲೆಯ 4 ವಿದ್ಯಾರ್ಥಿನಿಯರು ಮುಳುಗಿದರು. ಇಂಥಲ್ಲಿ ಪಾಲಿಸಬೇಕಾದದ್ದು ಒಂದೇ: ಮನೆಯವರಿಗೆ ಪೊಲೀಸರೋ ಶಾಲೆಯವರೋ ಸುದ್ದಿ ಮುಟ್ಟಿಸಿದ್ದಾರೆ ಎಂದು ಕೇಳಿ ತಿಳಿಯುವವರೆಗೆ ಹೆಸರು, ಫೋಟೊ ಬೇಡ. ತಾಯಿ ಮಗಳ ಸಾವನ್ನು ಸ್ಟೇಟಸ್‌ನಲ್ಲಿ ನೋಡಿ ತಿಳಿಯುವಂತಾಗಬಾರದು.

ಶಿರೂರಿನ ಮೊದಲ ದೃಶ್ಯಗಳನ್ನು ತೆಗೆದವರಲ್ಲಿ ದಾರಿಹೋಕರೇ ಬಹಳ. ಅವರ ಫೋಟೊ, ವಿಡಿಯೊಗೆ ಹಕ್ಕು ಅವರದೇ; ‘ಕೃಪೆ: ಸಾಮಾಜಿಕ ಜಾಲತಾಣ’ ಎಂಬ ಒಕ್ಕಣೆ ಕೃಪೆಯೂ ಅಲ್ಲ, ಅನುಮತಿಯೂ ಅಲ್ಲ. ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಂನಲ್ಲಿ ಪ್ರಚಲಿತ ಘಟನೆಗಳ ವರದಿಗೆ ನ್ಯಾಯಯುತ ಬಳಕೆಯ ಅವಕಾಶ ಇದೆ, ನಿಜ. ಇಡೀ ವಿಡಿಯೊ ಎತ್ತಿ ತಮ್ಮ ಲೋಗೊ ಒತ್ತುವುದಕ್ಕೆ ಅದು ರಹದಾರಿಯಲ್ಲ. 2010ರ ಹೈಟಿ ಭೂಕಂಪದ ಫೋಟೊಗಳನ್ನು ಟ್ವಿಟರ್‌ನಿಂದ ಎತ್ತಿ ಹಂಚಿದ್ದಕ್ಕೆ ಎಎಫ್‌ಪಿ ಸುದ್ದಿಸಂಸ್ಥೆ, ಗೆಟ್ಟಿ ಚಿತ್ರಸಂಸ್ಥೆಗಳು ಛಾಯಾಗ್ರಾಹಕ ಡೇನಿಯಲ್ ಮೊರೆಲ್‌ಗೆ 12 ಲಕ್ಷ ಡಾಲರ್ ಕೊಡಬೇಕೆಂದು 2013ರಲ್ಲಿ ಅಮೆರಿಕದ ಜ್ಯೂರಿ ಹೇಳಿತು. ಇಲ್ಲಿಯ ಸಣ್ಣ ಚಾನೆಲ್‌ಗಳಿಗೆ ಅಷ್ಟು ದೂರದ ಭಯ ಬೇಕಿಲ್ಲ: 90 ದಿನದೊಳಗೆ 3 ಕಾಪಿರೈಟ್ ಸ್ಟ್ರೈಕ್ (ಹಕ್ಕುಸ್ವಾಮ್ಯ ಉಲ್ಲಂಘನೆಯ ಎಚ್ಚರಿಕೆ) ಬಿದ್ದರೆ ಯೂಟ್ಯೂಬ್ ಚಾನೆಲ್ಲೇ ಹೋಗುತ್ತದೆ. ತೆಗೆದವರಿಗೆ ಒಂದು ಸಂದೇಶ ಕಳಿಸಿ: ನೀವೇ ತೆಗೆದಿರಾ, ಎಲ್ಲಿ, ಎಷ್ಟು ಹೊತ್ತಿಗೆ, ನಮ್ಮ ಪತ್ರಿಕೆ ಮತ್ತು ಪೇಜಿನಲ್ಲಿ ಬಳಸಬಹುದೆ, ಹೆಸರು ಹಾಕಬೇಕೆ. ‘ಹೌದು’ ಎಂಬ ಉತ್ತರದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಆಗಲೇ ಮೂಲ ಕಡತವನ್ನು ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಫೋಟೊ ಆಗಿ ಬಂದರೆ ಅದು ಕುಗ್ಗುತ್ತದೆ, ತೆಗೆದ ಹೊತ್ತು, ಜಾಗದ ಒಳಮಾಹಿತಿ ಅಳಿದುಹೋಗುತ್ತದೆ. ಆ ಮಾಹಿತಿ ಪರಿಶೀಲನೆಗೆ ಬೇಕು. ಆದರೆ ಸುಳಿವು ಕೊಟ್ಟವರ ಮನೆಯ ಜಾಗವೂ ಅದರಲ್ಲೇ ಇರಬಹುದಾದ್ದರಿಂದ ಹಾಕುವಾಗ ತೆಗೆದುಹಾಕಬೇಕು. ಮುಂದೆ ಕೋರ್ಟಿಗೆ ಹೋದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಎರಡು ಭಾಗದ ಪ್ರಮಾಣಪತ್ರ ಬೇಕಾಗುತ್ತದೆ: ಒಂದು ಹಾಜರುಪಡಿಸುವವರದ್ದು, ಇನ್ನೊಂದು ತಜ್ಞರದ್ದು, ಎರಡರಲ್ಲೂ ಕಡತದ ಹ್ಯಾಶ್ ಮೌಲ್ಯ, ಅಂದರೆ ಕಡತ ಬದಲಾಗಿಲ್ಲ ಎಂದು ತೋರಿಸುವ ಅಂಕಿ-ಅಕ್ಷರಗಳ ಗುರುತು. ಬಂದ ದಿನವೇ ಮೂಲವನ್ನು ಮುಟ್ಟದೆ ಬೇರೆ ಪೆನ್‌ಡ್ರೈವ್‌ನಲ್ಲಿಟ್ಟು ಎಸ್‌ಎಚ್‌ಎ-256 ಹ್ಯಾಶ್ ತೆಗೆದು ಬರೆದಿಟ್ಟರೆ ಮುಂದಿನ ತಲೆನೋವು ಅರ್ಧ ಕಡಿಮೆ. ಫೋನ್ ಬದಲಿಸುವಾಗ ಹಳೆಯದರ ಜೊತೆ ಸಾಕ್ಷ್ಯವನ್ನೂ ಮಾರಿಬಿಡುವುದು ಇಲ್ಲಿಯ ಮಾಮೂಲು ಕಥೆ.

ಕಾರವಾರದವರಿಗೆ ಬೇರೆಯವರಿಗಿಲ್ಲದ ಒಂದು ಎಚ್ಚರಿಕೆ ಬೇಕು. ಅರ್ಗಾದ ನೌಕಾನೆಲೆ, ಕೈಗಾ ಅಣು ಸ್ಥಾವರ ಎರಡೂ ಈ ತಾಲ್ಲೂಕಿನಲ್ಲೇ. ‘ಕಡಲಿನ ಸೂರ್ಯಾಸ್ತ’ ಎಂದು ಹಾರಿಸಿದ ಡ್ರೋನಿನ ಚೌಕಟ್ಟಿನೊಳಗೆ ಹಡಗುಕಟ್ಟೆ ಬಿದ್ದರೆ ಮಾತು ಅಧಿಕೃತ ರಹಸ್ಯ ಕಾಯ್ದೆಯವರೆಗೆ ಹೋಗಬಹುದು. ಹಾರಿಸುವ ಮೊದಲು ಸರ್ಕಾರದ ಡ್ರೋನ್ ತಾಣವಾದ ಡಿಜಿಟಲ್ ಸ್ಕೈನ ನಕ್ಷೆಯಲ್ಲಿ ಕೆಂಪು (ಹಾರಾಟ ನಿಷೇಧದ) ವಲಯ ನೋಡಬೇಕು. ಸೇನಾ ಚಲನವಲನದ ನೇರಪ್ರಸಾರ ಬೇಡ ಎಂದು ವಾರ್ತಾ ಸಚಿವಾಲಯ 2025ರ ಏಪ್ರಿಲ್ 26ರಂದು ಹೊರಡಿಸಿದ ಸೂಚನೆ ಸಾಮಾಜಿಕ ಜಾಲತಾಣ ಬಳಸುವವರನ್ನೂ ಹೆಸರಿಸಿತ್ತು. ಕೋರ್ಟಿನ ನೇರಪ್ರಸಾರದ ತುಣುಕು ಕತ್ತರಿಸಿ ರೀಲ್ ಮಾಡುವುದನ್ನೂ ಕರ್ನಾಟಕ ಹೈಕೋರ್ಟಿನ 2021ರ ನಿಯಮ ಒಪ್ಪುವುದಿಲ್ಲ. ಕೇಳಿದ್ದನ್ನು ಬರೆಯಿರಿ, ತುಣುಕು ಬಿಡಿ.

ತಪ್ಪಾದಮೇಲೆ ಏನು? ಸದ್ದಿಲ್ಲದೆ ಅಳಿಸುವುದು ಅತಿ ಕೆಟ್ಟ ದಾರಿ, ಸ್ಕ್ರೀನ್‌ಶಾಟ್ ಆಗಲೇ ಯಾರದೋ ಬಳಿ ಇರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ತಿದ್ದಲು ಸಿಗುವುದು 15 ನಿಮಿಷ, ಎಲ್ಲರಿಗೂ ಅಳಿಸಲು ಸುಮಾರು ಎರಡೂವರೆ ದಿನ. ಅಷ್ಟರಲ್ಲಿ ಫಾರ್ವರ್ಡ್ ಆದ ಪ್ರತಿಗಳು ಎರಡರಿಂದಲೂ ತಪ್ಪಿಸಿಕೊಂಡಿರುತ್ತವೆ. ಫೇಸ್‌ಬುಕ್‌ನಲ್ಲಿ ತಿದ್ದಿದರೆ ತಿದ್ದುಪಡಿಯ ಇತಿಹಾಸ ಓದುಗರಿಗೂ ಕಾಣುತ್ತದೆ. ಆದ್ದರಿಂದ ಹಾಕಿದ್ದ ಕಡೆಯೆಲ್ಲ, ಅದೇ ಗ್ರೂಪಿನಲ್ಲಿ, ‘ರಾತ್ರಿ 8ಕ್ಕೆ ಹಾಕಿದ್ದ ಸುದ್ದಿಯಲ್ಲಿ ಇಂಥದ್ದು ತಪ್ಪು, ಸರಿಯಾದದ್ದು ಇದು’ ಎಂದು ಹೇಳಬೇಕು. ಹೇಳುವಾಗ ತಪ್ಪು ಹೆಸರನ್ನು, ಫೋಟೊವನ್ನು ಮತ್ತೆ ಹಾಕಬಾರದು. ಸಂತ್ರಸ್ತರ ಗುರುತು ಹೊರಬಿದ್ದಿದ್ದರೆ ಮಾತ್ರ ಈ ಕ್ರಮ ತಿರುಗುಮುರುಗು: ಮೊದಲು ಅಳಿಸಿ, ಆಮೇಲೆ ವಿವರಣೆ, ಅದೂ ಏನು ತಪ್ಪಿತ್ತೆಂದು ಬಿಡಿಸಿ ಹೇಳದೆ. ಜಾಹೀರಾತು ತೆಗೆದುಕೊಂಡು ನಿತ್ಯ ಸುದ್ದಿ ಹಾಕುವ ಚಾನೆಲ್‌ಗಳು 2021ರ ಐಟಿ ನಿಯಮದಡಿ ಪ್ರಕಾಶಕರಾಗುತ್ತವೆ: ದೂರು ಬಂದದ್ದಕ್ಕೆ 24 ಗಂಟೆಯಲ್ಲಿ ಸ್ವೀಕೃತಿ, 15 ದಿನದಲ್ಲಿ ತೀರ್ಮಾನ ಕೊಡಬೇಕು.

ಪತ್ರಿಕೆಯವರಲ್ಲಿ ನಮ್ಮ ಕೋರಿಕೆ ದೊಡ್ಡದಲ್ಲ. ತಾಲ್ಲೂಕು ವರದಿಗಾರರು ಅಪರಾಧ, ಮಕ್ಕಳು, ಕೋಮು, ವಿಪತ್ತು ಈ ನಾಲ್ಕು ವಿಷಯದ ಪೋಸ್ಟನ್ನು ಹಾಕುವ ಮೊದಲು ಡೆಸ್ಕ್‌ನ ಒಬ್ಬರಿಗೆ ಕಳಿಸಿ ‘ಸರಿ’ ಎನಿಸಿಕೊಳ್ಳಲಿ. ರಾತ್ರಿ 11ರವರೆಗೆ ಆ ಫೋನ್ ಎತ್ತುವವರು ಯಾರೆಂದು ಗೊತ್ತಿರಲಿ. ಪೇಜಿನ ಅಡ್ಮಿನ್ ಅಧಿಕಾರ ಕನಿಷ್ಠ ಇಬ್ಬರ ಬಳಿ ಇರಲಿ, ಕೆಲಸ ಬಿಟ್ಟವರ ಹೆಸರು ಅಂದೇ ತೆಗೆಯಿರಿ.

ಇನ್ನೊಂದು ವಿಷಯವನ್ನು ಆಡಳಿತ ಮಂಡಳಿಗಳು ಮಾತಾಡಲು ಇಷ್ಟಪಡುವುದಿಲ್ಲ. ಪತ್ರಿಕೆಯಲ್ಲಿ ಬಂದದ್ದಕ್ಕೆ ಕೊನೆಯ ಪುಟದ ತಳದಲ್ಲಿ ಹೆಸರಿರುವ ಸಂಪಾದಕರೂ ನಿಲ್ಲುತ್ತಾರೆ. ಅದೇ ಸುದ್ದಿಯ ಲಿಂಕನ್ನು, ಪ್ರಸಾರ ಹೆಚ್ಚಲಿ ಎಂದು ಕಚೇರಿಯೇ ಹೇಳಿ ಸ್ವಂತ ಫೋನಿನಿಂದ ಹಂಚಿಸಿದಾಗ, ನೋಟಿಸು ಬರುವುದು ಕಾಲಂ ಲೆಕ್ಕದಲ್ಲಿ ಸಂಭಾವನೆ ಪಡೆಯುವ ವರದಿಗಾರನ ಮನೆಗೆ. ಆಗ ವಕೀಲರ ಶುಲ್ಕ ಯಾರು ಕೊಡುತ್ತಾರೆ, ಅಂಕೋಲೆಯಿಂದ ಬೇರೆ ಜಿಲ್ಲೆಯ ಕೋರ್ಟಿಗೆ ಓಡಾಡುವ ಬಸ್ ಖರ್ಚು ಯಾರದು? ಅರೆಕಾಲಿಕ ವರದಿಗಾರರಿಗೆ ಕೊಡುವ ಗುರುತಿನ ಚೀಟಿಯ ಜೊತೆ ಇದಕ್ಕೆ ಉತ್ತರವಿರುವ ಒಂದು ಕಾಗದವನ್ನೂ, ಸಂಪಾದಕರ ಸಹಿ ಹಾಕಿ, ಈ ಮಳೆಗಾಲ ಮುಗಿಯುವುದರೊಳಗೆ ಕೊಡಿ.

ಇತಿ,
ನಿವೃತ್ತ ಉಪಸಂಪಾದಕ ಮತ್ತು ವಕೀಲ, ಇಬ್ಬರು ಓದುಗರು
ಕುಮಟಾ, ಉತ್ತರ ಕನ್ನಡ